ಕಂಪ್ಯೂಟರ್ ಆನ್ ಆಗುವಾಗ ಕಪ್ಸ್ ಪ್ರಿಂಟ್ ಸೇವೆ: ಲ್ಯಾಬಿಗೆ ಬೇಡ, ಆಫೀಸಿಗೆ ಬೇಕೇ ಬೇಕು

ಬದಿಯಡ್ಕ ಲ್ಯಾಬ್

ಕನ್ನಡ ಮಾಧ್ಯಮ ಹೈಸ್ಕೂಲಿನ ಲ್ಯಾಬು. 14 ಯಂತ್ರ, ಎಲ್ಲದರಲ್ಲೂ ಉಬುಂಟು ಆಧಾರದ ಕೈಟ್ ಗ್ನೂ/ಲಿನಕ್ಸ್. ಇವುಗಳಲ್ಲಿ ಪ್ರಿಂಟರ್ ಇಲ್ಲ, ಪ್ರಿಂಟ್ ಸೇವೆಯೂ ಬೇಡ. ಆಫೀಸಿನಲ್ಲಿ ಒಂದೇ ಯಂತ್ರ, ಅದಕ್ಕೆ ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900, ಎರಡೂ ಯುಎಸ್‌ಬಿ. ತೊಂದರೆ ಮೂರು ಉಂಟು.

ಒಂದು, ಲ್ಯಾಬಿನ ಯಂತ್ರಗಳಲ್ಲಿ ಕಪ್ಸ್ ಡಿಸೇಬಲ್ ಮಾಡಿದರೂ ಮುಂದಿನ ಸಲ ಆನ್ ಮಾಡುವಾಗ ಎದ್ದು ಕೂತಿರುತ್ತದೆ. ಎರಡು, ಆಫೀಸಿನಲ್ಲಿ ಕರೆಂಟು ಹೋಗಿ ಬಂದರೆ ಪ್ರಿಂಟ್ ಕೊಟ್ಟದ್ದು "ಮುಗಿದಿದೆ" ಎಂದು ತೋರಿಸುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಕ್ಯಾನನ್ನಿನದ್ದು ಇನ್ನೂ ಕಷ್ಟ, ಪ್ರತಿ ಬೆಳಿಗ್ಗೆ ಯಾರಾದರೂ ಟರ್ಮಿನಲ್ ತೆರೆದು ಏನೋ ಹೊಡೆಯಬೇಕು. ಮೂರು, ನಿನ್ನೆ ಅರ್ಧಕ್ಕೆ ನಿಂತ ಟಿ.ಸಿ., ಮಾರ್ಕ್‌ಶೀಟುಗಳು ಇವತ್ತು ಆನ್ ಮಾಡಿದ ಕೂಡಲೇ ತಾವಾಗಿ ಹೊರಗೆ ಬೀಳುತ್ತವೆ.

ಪೆರ್ಲದ ಪೆಂಗ್ವಿನ್

ಮಾಷ್ಟ್ರೇ, ಮೊದಲೇ ಒಂದು ಮಾತು: ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಸಿಸ್ಟಮ್‌ಸಿಟಿಎಲ್ ಎಂದರೆ ಸಿಸ್ಟಮ್ ಬರೆದು ಸಿ, ಟಿ, ಎಲ್ ಸೇರಿಸಿದರಾಯಿತು.

ಸಿಸ್ಟಮ್‌ಡಿ (ಯಂತ್ರ ಆನ್ ಆಗುವಾಗ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಕಪ್ಸ್ ಅಂದರೆ ಒಂದೇ ಸೇವೆ ಅಲ್ಲ, ನಾಲ್ಕು ತುಂಡು:

ಕಪ್ಸ್.ಸರ್ವಿಸ್ – ನಿಜವಾದ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್), ಕಪ್ಸ್‌ಡಿ.
ಕಪ್ಸ್.ಸಾಕೆಟ್ – /ರನ್/ಕಪ್ಸ್/ಕಪ್ಸ್.ಸಾಕ್ ಎಂಬ ಬಾಗಿಲಲ್ಲಿ ಕಾದು ಕೂತಿರುತ್ತದೆ. ಯಾವುದೇ ಪ್ರೋಗ್ರಾಮ್ ಆ ಬಾಗಿಲು ಮುಟ್ಟಿದರೆ ಡೀಮನ್ನನ್ನು ಎಬ್ಬಿಸುತ್ತದೆ.
ಕಪ್ಸ್.ಪಾತ್ – /ವಾರ್/ಕ್ಯಾಶ್/ಕಪ್ಸ್ ಒಳಗೆ ಓಆರ್‌ಜಿ.ಕಪ್ಸ್.ಕಪ್ಸ್‌ಡಿ ಎಂಬ ಫೈಲ್ ಉಂಟೋ ಎಂದು ನೋಡುತ್ತದೆ, ಇದ್ದರೆ ಎಬ್ಬಿಸುತ್ತದೆ. ಕೆಲಸ ಬಾಕಿ ಇದ್ದಾಗ ಅಥವಾ ಪ್ರಿಂಟರ್ ಹಂಚಿಕೆಯಲ್ಲಿ ಇದ್ದಾಗ ಕಪ್ಸ್‌ಡಿಯೇ ಆ ಫೈಲ್ ಇಟ್ಟಿರುತ್ತದೆ.
ಕಪ್ಸ್-ಬ್ರೌಸ್ಡ್.ಸರ್ವಿಸ್ – ನೆಟ್‌ವರ್ಕಿನಲ್ಲಿ ಇರುವ ಪ್ರಿಂಟರುಗಳನ್ನು ಹುಡುಕಿ ತಾನೇ ಸೇರಿಸುವುದು.

ನಿಮ್ಮ ಒಂದನೇ ತೊಂದರೆ ಬಹುಮಟ್ಟಿಗೆ ಈ ನಾಲ್ಕನೆಯವನದ್ದು. ಕಪ್ಸ್.ಸರ್ವಿಸ್ ಡಿಸೇಬಲ್ ಮಾಡಿದರೆ ಅದರ ಇನ್‌ಸ್ಟಾಲ್ ಭಾಗದ "ಆಲ್ಸೋ" ಸಾಲಿನಿಂದಾಗಿ ಸಾಕೆಟ್ ಮತ್ತು ಪಾತ್ ಕೂಡ ಡಿಸೇಬಲ್ ಆಗುತ್ತವೆ, ಅಲ್ಲಿಗೆ ಸರಿ. ಆದರೆ ಕಪ್ಸ್-ಬ್ರೌಸ್ಡ್ ಬೇರೆಯೇ ಪ್ಯಾಕೇಜ್. ಅದರ ಯೂನಿಟ್ಟಿನಲ್ಲಿ (ಸೇವೆಯ ವಿವರ ಬರೆದಿಟ್ಟ ಫೈಲಿನಲ್ಲಿ) "ರಿಕ್ವಯರ್ಸ್=ಕಪ್ಸ್.ಸರ್ವಿಸ್" ಇರುತ್ತದೆ. ಅದು ಎನೇಬಲ್ ಆಗಿಯೇ ಉಳಿದರೆ, ಮುಂದಿನ ಬೂಟ್‌ನಲ್ಲಿ ಕಪ್ಸನ್ನು ಕೈಹಿಡಿದು ಎಳೆದುಕೊಂಡೇ ಬರುತ್ತದೆ.

ಯಾರು ಎಳೆಯುತ್ತಿದ್ದಾರೆ ಎಂದು ಊಹಿಸಬೇಡಿ, ಕೇಳಿ:

ಸಿಸ್ಟಮ್‌ಸಿಟಿಎಲ್ ಲಿಸ್ಟ್-ಡಿಪೆಂಡೆನ್ಸೀಸ್ --ರಿವರ್ಸ್ ಕಪ್ಸ್.ಸರ್ವಿಸ್

ಲ್ಯಾಬಿನ ಯಂತ್ರಕ್ಕೆ:

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಕಪ್ಸ್-ಬ್ರೌಸ್ಡ್.ಸರ್ವಿಸ್ ಕಪ್ಸ್.ಪಾತ್ ಕಪ್ಸ್.ಸಾಕೆಟ್ ಕಪ್ಸ್.ಸರ್ವಿಸ್

ನಾಲ್ಕನ್ನೂ ಒಂದೇ ಸಾಲಿನಲ್ಲಿ ಕೊಡಬೇಕು. ಬರೇ ಸರ್ವಿಸನ್ನು ಸ್ಟಾಪ್ ಮಾಡಿದರೆ "ಇದನ್ನು ಸಾಕೆಟ್, ಪಾತ್ ಮತ್ತೆ ಎಬ್ಬಿಸಬಹುದು" ಎಂದು ಸಿಸ್ಟಮ್‌ಡಿಯೇ ಎಚ್ಚರಿಸುತ್ತದೆ, ಅದನ್ನು ಯಾರೂ ಓದುವುದಿಲ್ಲ. ನೀವು ಸ್ಟಾಪ್ ಮಾಡಿದ ಮೇಲೆ ಎಲ್‌ಪಿಸ್ಟ್ಯಾಟ್ (ಪ್ರಿಂಟರುಗಳ ಸ್ಥಿತಿ ತೋರಿಸುವ ಕಮಾಂಡು) ಹೊಡೆದು ನಿಂತಿದೆಯೋ ಎಂದು ನೋಡಿದರೆ, ನೋಡಿದ್ದರಿಂದಲೇ ಅದು ಏಳುತ್ತದೆ! ನೋಡುವುದಾದರೆ ಸಿಸ್ಟಮ್‌ಸಿಟಿಎಲ್ ಈಸ್-ಆ್ಯಕ್ಟಿವ್ ಬಳಸಿ, ಅಥವಾ ಎಸ್‌ಎಸ್ -ಎಲ್‌ಟಿಎನ್‌ಪಿ ಹೊಡೆದು 631 ಪೋರ್ಟ್ ತೆರೆದಿದೆಯೋ ನೋಡಿ.

ಉಪ್ಪಳ ಉಬುಂಟು

ಇಷ್ಟೆಲ್ಲ ಎಂತಕ್ಕೆ, ಪ್ಯಾಕೇಜೇ ತೆಗೆದುಬಿಟ್ಟರೆ ಆಗ್ಲಿಕ್ಕಿಲ್ವಾ?

ಪೆರ್ಲದ ಪೆಂಗ್ವಿನ್

ಕಪ್ಸ್-ಡೀಮನ್ ತೆಗೆಯಬಹುದು. ಲಿಬ್‌ಕಪ್ಸ್‌ಗೆ ಮಾತ್ರ ಕೈ ಹಾಕಬೇಡಿ, ಲಿಬ್ರೆಆಫೀಸ್ ಅದರ ಮೇಲೇ ನಿಂತಿದೆ, ಅದೂ ಜೊತೆಗೇ ಹೋಗುತ್ತದೆ. ಪ್ಯಾಕೇಜ್ ತೆಗೆಯುವಾಗ ಎಪಿಟಿ ಕಮಾಂಡು ತೋರಿಸುವ ಪಟ್ಟಿಯನ್ನು ಪೂರ್ತಿ ಓದದೆ ವೈ ಒತ್ತಿದರೆ ಹತ್ತನೇ ಕ್ಲಾಸಿನ ಐಟಿ ಪರೀಕ್ಷೆಯ ಹಿಂದಿನ ದಿನ ಗೊತ್ತಾಗುತ್ತದೆ.

ನನ್ನ ಲೆಕ್ಕದಲ್ಲಿ ಮಾಸ್ಕ್ ಮಾಡುವುದು ಒಳ್ಳೆಯದು. ಸಿಸ್ಟಮ್‌ಸಿಟಿಎಲ್ ಮಾಸ್ಕ್ ಎಂದು ಅದೇ ನಾಲ್ಕು ಹೆಸರು ಕೊಟ್ಟರೆ ಯೂನಿಟ್ಟುಗಳು /ಡೆವ್/ನಲ್‌ಗೆ ಕೊಂಡಿ ಹಾಕಿಕೊಳ್ಳುತ್ತವೆ, ಯಾರು ಎಳೆದರೂ ಏಳುವುದಿಲ್ಲ. ಬೇಕಾದಾಗ ಅನ್‌ಮಾಸ್ಕ್. ಮಕ್ಕಳು ಪಿಡಿಎಫ್ ಮಾಡುವುದಕ್ಕೆ ಇದರಿಂದ ತೊಂದರೆ ಇಲ್ಲ, ಫೈಲಿಗೆ ಪ್ರಿಂಟ್ ಮಾಡುವುದಕ್ಕೂ ಪಿಡಿಎಫ್ ಎಕ್ಸ್‌ಪೋರ್ಟಿಗೂ ಕಪ್ಸ್‌ಡಿ ಬೇಡ.

ಕಪ್ಸ್-ಬ್ರೌಸ್ಡನ್ನು ಆಫೀಸಿನ ಯಂತ್ರದಲ್ಲೂ ನಿಲ್ಲಿಸಿಬಿಡಿ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಭದ್ರತಾ ಲೋಪ ಇದರದ್ದೇ, ಯುಡಿಪಿ 631ರಲ್ಲಿ ಯಾರು ಏನು ಕಳಿಸಿದರೂ ನಂಬುತ್ತಿತ್ತು. ಸರಿಪಡಿಸಿದ ಆವೃತ್ತಿ ಬಂದಿದೆ, ನಿಜ. ಆದರೂ ಯುಎಸ್‌ಬಿ ಪ್ರಿಂಟರ್ ಮಾತ್ರ ಇರುವಲ್ಲಿ ಅದಕ್ಕೆ ಎಂತ ಕೆಲಸ?

ಅರ್ಜಿಕೇಂದ್ರ

ಎರಡನೇ ತೊಂದರೆಯ ಎಚ್‌ಪಿ ಭಾಗ ನಾನು ಹೇಳುತ್ತೇನೆ. ಇದು ಕಪ್ಸ್‌ನ ತಪ್ಪೇ ಅಲ್ಲ.

ಲೇಸರ್‌ಜೆಟ್ 1020ರ ಒಳಗೆ ಫರ್ಮ್‌ವೇರ್ (ಪ್ರಿಂಟರನ್ನು ಒಳಗಿನಿಂದ ನಡೆಸುವ ಪ್ರೋಗ್ರಾಮ್) ಶಾಶ್ವತವಾಗಿ ಇರುವುದಿಲ್ಲ. ಪ್ರಿಂಟರಿನ ಸ್ವಿಚ್ ಆಫ್ ಆಗಿ ಆನ್ ಆದ ಪ್ರತಿ ಸಲವೂ ಕಂಪ್ಯೂಟರಿನಿಂದ ಅದನ್ನು ಕಳಿಸಬೇಕು. ಕಳಿಸದಿದ್ದರೆ ಪ್ರಿಂಟರ್ ಡೇಟಾ ತೆಗೆದುಕೊಳ್ಳುತ್ತದೆ, ಕಪ್ಸ್ "ಕಳಿಸಿ ಆಯಿತು" ಎನ್ನುತ್ತದೆ, ಕಾಗದ ಅಲ್ಲಾಡುವುದಿಲ್ಲ. ಪತ್ತೆ ಮಾಡುವುದು ಸುಲಭ: ಪ್ರಿಂಟರ್ ಆನ್ ಮಾಡಿದಾಗ ಒಂದು ಸಲ ಮೋಟಾರು ತಿರುಗಿ ನಿಲ್ಲುತ್ತದೆ. ಕೆಲವು ಸೆಕೆಂಡು ಬಿಟ್ಟು ಎರಡನೇ ಸಲ ತಿರುಗಿದರೆ ಫರ್ಮ್‌ವೇರ್ ಹೋಗಿದೆ ಎಂದರ್ಥ. ಎರಡನೇ ಸದ್ದು ಇಲ್ಲದಿದ್ದರೆ ಪ್ರಿಂಟ್ ಕೊಟ್ಟು ಪ್ರಯೋಜನವಿಲ್ಲ.

ಈಗ ಶಾಲೆ, ಕೇಂದ್ರಗಳಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ. ಕಂಪ್ಯೂಟರ್ ಯುಪಿಎಸ್ ಮೇಲೆ, ಲೇಸರ್ ಪ್ರಿಂಟರ್ ಗೋಡೆಯ ಪ್ಲಗ್ಗಿನಲ್ಲಿ. ಅದು ಹಾಗೆಯೇ ಇರಬೇಕು, ಫ್ಯೂಸರ್ (ಪುಡಿಯನ್ನು ಕಾಗದಕ್ಕೆ ಅಂಟಿಸುವ ಬಿಸಿ ಭಾಗ) ಬಿಸಿಯಾಗುವಾಗ ಎಳೆಯುವ ಕರೆಂಟು ಸಣ್ಣ 600 ವಿಎ ಯುಪಿಎಸ್‌ಗೆ ತಡೆಯುವುದಿಲ್ಲ. ಆದರೆ ಇದರಿಂದ ಏನಾಗುತ್ತದೆ? ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ, ಪ್ರಿಂಟರ್ ಮಾತ್ರ ಫರ್ಮ್‌ವೇರ್ ಕಳಕೊಂಡು ಹೊಸದಾಗಿ ಏಳುತ್ತದೆ. ಬೂಟ್ ಆಗುವಾಗ ಮಾತ್ರ ಫರ್ಮ್‌ವೇರ್ ಕಳಿಸುವ ಸ್ಕ್ರಿಪ್ಟ್ ಇಟ್ಟಿದ್ದರೆ ಅಲ್ಲಿಗೆ ಕೆಟ್ಟಿತು. ತುಲಾ ತಿಂಗಳಲ್ಲಿ ಸಂಜೆ ಗುಡುಗು ಶುರುವಾದರೆ ನಮ್ಮಲ್ಲಿ ಕರೆಂಟು ಎಷ್ಟು ಸಲ ಕಣ್ಣುಮುಚ್ಚಾಲೆ ಆಡುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಹಾಗಾಗಿ ಕಳಿಸುವ ಕೆಲಸ ಯುಡೆವ್‌ಗೆ (ಸಾಧನ ಸಿಕ್ಕಿಸಿದಾಗ, ಆನ್ ಆದಾಗ ಗುರುತಿಸುವ ವ್ಯವಸ್ಥೆ) ಸೇರಬೇಕು, ಸ್ಟಾರ್ಟಪ್ ಸ್ಕ್ರಿಪ್ಟಿಗಲ್ಲ.

ದಾರಿ ಎರಡು. ಎಚ್‌ಪಿ ಕಂಪನಿಯದ್ದೇ ಡ್ರೈವರ್ ಎಚ್‌ಪಿಲಿಪ್ ಬಳಸುವುದಾದರೆ ಪ್ಲಗಿನ್ ಕೂಡ ಬೇಕು: ಎಚ್‌ಪಿ-ಪ್ಲಗಿನ್ -ಐ. ಅದು ಹಾಕಿದ ಮೇಲೆ ಅದರದ್ದೇ ಯುಡೆವ್ ನಿಯಮ ಪ್ರಿಂಟರ್ ಕಂಡ ಕೂಡಲೇ ಫರ್ಮ್‌ವೇರ್ ಕಳಿಸುತ್ತದೆ. ಇಲ್ಲಿ ಕೈಕೊಡುವುದು ಒಂದೇ ಕಡೆ: ಪ್ಲಗಿನ್ನಿನ ಆವೃತ್ತಿಯೂ ಎಚ್‌ಪಿಲಿಪ್ ಆವೃತ್ತಿಯೂ ಒಂದೇ ಇರಬೇಕು. ಅಪ್‌ಡೇಟಿನಲ್ಲಿ ಎಚ್‌ಪಿಲಿಪ್ ಮುಂದೆ ಹೋಗಿ ಪ್ಲಗಿನ್ ಹಿಂದೆ ಉಳಿದರೆ ಮತ್ತೆ ಮೌನ. ಆಗ ಇಂಟರ್ನೆಟ್ ಇರುವಾಗ ಅದೇ ಕಮಾಂಡು ಇನ್ನೊಮ್ಮೆ.

ಎರಡನೇ ದಾರಿ ಫೂ2ಜೆಡ್‌ಜೆಎಸ್ ಡ್ರೈವರ್. ಎಸ್‌ಐಎಚ್‌ಪಿ1020.ಡಿಎಲ್ ಎಂಬ ಫರ್ಮ್‌ವೇರ್ ಫೈಲ್ ಬೇಕಾಗುತ್ತದೆ. ಪರೀಕ್ಷೆಗೆ ಕೈಯಿಂದಲೇ ಕಳಿಸಬಹುದು: ರೂಟ್ ಆಗಿ ಕ್ಯಾಟ್ ಮಾಡಿ /ಡೆವ್/ಯುಎಸ್‌ಬಿ/ಎಲ್‌ಪಿ0ಗೆ ತಿರುಗಿಸಿದರೆ ಮೋಟಾರಿನ ಆ ಎರಡನೇ ಸದ್ದು ಕೇಳಬೇಕು. ಎರಡು ಡ್ರೈವರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಒಂದೇ ಪ್ರಿಂಟರನ್ನು ಇಬ್ಬರೂ ಹಿಡಿಯಲು ಹೋಗುತ್ತಾರೆ.

ಕುಂಬಳೆ ಸೀಮೆ

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್‌ಎಸ್‌ಯುಎಸ್‌ಬಿ ಹೊಡೆದಾಗ 1020 ಇದ್ದರೆ 03ಎಫ್0:2ಬಿ17 ಎಂದು ಕಾಣಬೇಕು. ಅದೇ ಕಾಣದಿದ್ದರೆ ಫರ್ಮ್‌ವೇರ್ ಮಾತು ಬಿಟ್ಟು ಕೇಬಲ್ ನೋಡಿ.

ಈಗ ಕ್ಯಾನನ್ 2900. ಕಂಪನಿಯ ಕ್ಯಾಪ್ಟ್ ಡ್ರೈವರ್ ಕಪ್ಸ್ ಒಂದರಿಂದ ನಡೆಯುವುದಿಲ್ಲ, ಸಿಸಿಪಿಡಿ ಎಂಬ ಬೇರೆ ಡೀಮನ್ ಇರಬೇಕು. ಕಪ್ಸ್ ಆ ಡೀಮನ್ನಿಗೆ ಸಿಸಿಪಿ://ಲೋಕಲ್‌ಹೋಸ್ಟ್:59687 ಮೂಲಕ ಕೊಡುತ್ತದೆ, ಡೀಮನ್ ಪ್ರಿಂಟರಿಗೆ ಕೊಡುತ್ತದೆ. ಬೆಳಿಗ್ಗೆ ನೀವು ಟರ್ಮಿನಲ್ಲಿನಲ್ಲಿ ಹೊಡೆಯುವ "ಏನೋ" ಈ ಸಿಸಿಪಿಡಿಯನ್ನು ಎಬ್ಬಿಸುವುದೇ ಇರಬೇಕು.

ಅದು ತಾನಾಗಿ ಏಳದಿರುವುದಕ್ಕೆ ಕಾರಣ ಎರಡು. ಒಂದು, ಜೊತೆಗೆ ಬರುವ /ಈಟಿಸಿ/ಇನಿಟ್.ಡಿ/ಸಿಸಿಪಿಡಿ ಸ್ಕ್ರಿಪ್ಟಿನಲ್ಲಿ ಎಲ್‌ಎಸ್‌ಬಿ ತಲೆಬರಹ ಇಲ್ಲ, ಹಾಗಾಗಿ ಯಾವಾಗ ಎಬ್ಬಿಸಬೇಕು ಎಂದು ಬೂಟ್ ವ್ಯವಸ್ಥೆಗೆ ತಿಳಿಯುವುದಿಲ್ಲ. ಎರಡು, ಎದ್ದರೂ ಪ್ರಿಂಟರ್ ಆಫ್ ಇದ್ದರೆ /ಡೆವ್/ಯುಎಸ್‌ಬಿ/ಎಲ್‌ಪಿ0 ಇರುವುದಿಲ್ಲ, ಡೀಮನ್ ಅರೆಜೀವದಲ್ಲಿ ಕೂರುತ್ತದೆ. ಸ್ಥಿತಿ ಕೇಳಿ ನೋಡಿ: ಸಿಸಿಪಿಡಿ ಮುಂದೆ ಎರಡು ಪ್ರೊಸೆಸ್ ಸಂಖ್ಯೆ ಬಂದರೆ ಸರಿ ಉಂಟು, ಒಂದೇ ಬಂದರೆ ಕೆಲಸ ಮಾಡುವುದಿಲ್ಲ.

ನಿಮ್ಮಲ್ಲಿ ಎರಡು ಪ್ರಿಂಟರ್ ಇರುವುದರಿಂದ ಇನ್ನೊಂದು ಪೀಡೆ. ಯಾವುದು ಮೊದಲು ಆನ್ ಆಯಿತೋ ಅದು ಎಲ್‌ಪಿ0, ಇನ್ನೊಂದು ಎಲ್‌ಪಿ1. ಒಂದು ದಿನ ಎಚ್‌ಪಿ ಮೊದಲು ಎದ್ದರೆ ಸಿಸಿಪಿಡಿ ಎಚ್‌ಪಿ ಜೊತೆ ಕ್ಯಾನನ್ ಭಾಷೆಯಲ್ಲಿ ಮಾತಾಡಲು ಹೋಗುತ್ತದೆ. ಅದಕ್ಕೆ ಗಟ್ಟಿ ಹೆಸರು ಕೊಡಬೇಕು.

/ಈಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಒಂದು ನಿಯಮ: ಕರ್ನೆಲ್ ಹೆಸರು ಎಲ್‌ಪಿ ಎಂದು ಶುರುವಾಗಬೇಕು, ಸಬ್‌ಸಿಸ್ಟಮ್ ಯುಎಸ್‌ಬಿಮಿಸ್ಕ್, ವೆಂಡರ್ 04ಎ9, ಪ್ರಾಡಕ್ಟ್ 2676. ಹೊಂದಿದರೆ ಸಿಮ್‌ಲಿಂಕ್ ಕ್ಯಾನನ್‌ಎಲ್‌ಬಿಪಿ, ಟ್ಯಾಗ್ ಸಿಸ್ಟಮ್‌ಡಿ, ಸಿಸ್ಟಮ್‌ಡಿ_ವಾಂಟ್ಸ್ ಎಂಬಲ್ಲಿ ಸಿಸಿಪಿಡಿ.ಸರ್ವಿಸ್. ಆ ಮೇಲೆ ಡ್ರೈವರಿಗೂ ಹೇಳಬೇಕು: ಸಿಸಿಪಿಡಿಅಡ್ಮಿನ್ -ಪಿ ಎಲ್‌ಬಿಪಿ2900 -ಓ /ಡೆವ್/ಕ್ಯಾನನ್‌ಎಲ್‌ಬಿಪಿ.

ಸಿಸಿಪಿಡಿ.ಸರ್ವಿಸ್ ಫೈಲನ್ನು ನೀವೇ ಬರೆಯಬೇಕು. ಟೈಪ್ ಫೋರ್ಕಿಂಗ್, ಎಕ್ಸೆಕ್‌ಸ್ಟಾರ್ಟ್ /ಯುಎಸ್‌ಆರ್/ಎಸ್‌ಬಿನ್/ಸಿಸಿಪಿಡಿ, ಆಫ್ಟರ್ ಮತ್ತು ವಾಂಟ್ಸ್ ಎರಡರಲ್ಲೂ ಕಪ್ಸ್.ಸರ್ವಿಸ್, ಬೈಂಡ್ಸ್‌ಟು ಎಂಬಲ್ಲಿ ಡೆವ್-ಕ್ಯಾನನ್‌ಎಲ್‌ಬಿಪಿ.ಡಿವೈಸ್. ಇನ್‌ಸ್ಟಾಲ್ ಭಾಗ ಬೇಡವೇ ಬೇಡ, ಎನೇಬಲ್ ಮಾಡುವುದೂ ಬೇಡ. ಪ್ರಿಂಟರ್ ಆನ್ ಆದರೆ ಡೀಮನ್ ಏಳುತ್ತದೆ, ಆಫ್ ಆದರೆ ಮಲಗುತ್ತದೆ, ಕರೆಂಟು ಹೋಗಿ ಬಂದರೆ ಮತ್ತೆ ಏಳುತ್ತದೆ. ಹಳೆಯ ಇನಿಟ್.ಡಿ ಸ್ಕ್ರಿಪ್ಟನ್ನು ಬದಿಗಿಡಿ.

ಇಷ್ಟಾದ ಮೇಲೂ ನಡೆಯದಿದ್ದರೆ ಆ್ಯಪ್‌ಆರ್ಮರ್ (ಪ್ರೋಗ್ರಾಮುಗಳಿಗೆ ಕಡಿವಾಣ ಹಾಕುವ ಭದ್ರತಾ ವ್ಯವಸ್ಥೆ) ಅಡ್ಡ ಬಂದಿರುತ್ತದೆ. ಎಎ-ಕಂಪ್ಲೇನ್ /ಯುಎಸ್‌ಆರ್/ಎಸ್‌ಬಿನ್/ಕಪ್ಸ್‌ಡಿ ಎಂದು ಹೊಡೆದು ಒಮ್ಮೆ ಪ್ರಯತ್ನಿಸಿ. ಯಂತ್ರ 64 ಬಿಟ್ ಆದರೆ ಡ್ರೈವರಿಗೆ ಬೇಕಾದ 32 ಬಿಟ್ ಲೈಬ್ರರಿಗಳು ಉಂಟೋ ನೋಡಿ. ಕ್ಯಾಪ್ಟ್ ಡ್ರೈವರಿನ ಬಗ್ಗೆ ಒಳ್ಳೆಯ ಮಾತು ಹೇಳಲು ನನ್ನಲ್ಲಿ ಏನೂ ಇಲ್ಲ, ಆದರೆ ಈ ಪ್ರಿಂಟರ್ ಸಾಯುವುದೂ ಇಲ್ಲ.

ಬದಿಯಡ್ಕ ಲ್ಯಾಬ್

ನಾಲ್ಕೂ ಮಾಸ್ಕ್ ಆಯಿತು, ಲ್ಯಾಬು ಶಾಂತ. ಕ್ಯಾನನ್ನಿಗೆ ಯುಡೆವ್ ದಾರಿ ಹಿಡಿಸಿತು, ಈಗ ಎರಡು ಸಂಖ್ಯೆ ಬರುತ್ತದೆ. ಮೂರನೆಯದಕ್ಕೆ ಬೂಟ್ ಆದ ಮೇಲೆ ಕ್ಯಾನ್ಸಲ್ -ಎ -ಎಕ್ಸ್ ಓಡಿಸುವ ಸಣ್ಣ ಸೇವೆ ಮಾಡಿದರೆ ಸಾಕಾ?

ಅರ್ಜಿಕೇಂದ್ರ

ಸಾಕಾಗುವುದಿಲ್ಲ. ಕ್ಯಾನ್ಸಲ್ ಕೇಳುವುದು ಕಪ್ಸ್‌ಡಿಗೆ, ಅಂದರೆ ಅದು ಎದ್ದ ಮೇಲೆಯೇ. ಎದ್ದ ಕೂಡಲೇ ಅದು ಬಾಕಿ ಇದ್ದದ್ದನ್ನು ಕಳಿಸಲು ಶುರು ಮಾಡಿರುತ್ತದೆ. ಪ್ರಿಂಟರ್ ಬಿಸಿಯಾಗಿದ್ದರೆ ಮೊದಲ ಪುಟ ನಿಮ್ಮ ಕ್ಯಾನ್ಸಲ್‌ಗಿಂತ ಮೊದಲೇ ಹೊರಗೆ. ಆಧಾರ್ ನಕಲು, ಆದಾಯ ಸರ್ಟಿಫಿಕೇಟು ಬರುವ ಕೌಂಟರಿನಲ್ಲಿ ಆ ಒಂದು ಪುಟವೇ ಸಾಕು ಗಲಾಟೆಗೆ.

ಬಾಕಿ ಕೆಲಸಗಳು ಇರುವುದು /ವಾರ್/ಸ್ಪೂಲ್/ಕಪ್ಸ್‌ನಲ್ಲಿ. ಸಿ ಎಂದು ಶುರುವಾಗುವುದು ಕೆಲಸದ ವಿವರ, ಡಿ ಎಂದು ಶುರುವಾಗುವುದು ದಾಖಲೆಯೇ. ಕಪ್ಸ್ ಏಳುವ ಮೊದಲೇ ಇವು ಹೋಗಬೇಕು. ಅದಕ್ಕೆ ಸೇವೆ ಬರೆಯುವ ಅಗತ್ಯವೂ ಇಲ್ಲ, ಬೂಟ್ ಆಗುವಾಗ ಬೇಡದ ಫೈಲ್ ಅಳಿಸಲು ಸಿಸ್ಟಮ್‌ಡಿ-ಟಿಎಂಪಿಫೈಲ್ಸ್ ಉಂಟು. /ಈಟಿಸಿ/ಟಿಎಂಪಿಫೈಲ್ಸ್.ಡಿ ಒಳಗೆ ಕೊನೆಗೆ .ಕಾನ್ಫ್ ಇರುವ ಒಂದು ಫೈಲ್ ಮಾಡಿ ಎರಡು ಸಾಲು ಬರೆಯಿರಿ:

ಆರ್! /ವಾರ್/ಸ್ಪೂಲ್/ಕಪ್ಸ್/ಸಿ*
ಆರ್! /ವಾರ್/ಸ್ಪೂಲ್/ಕಪ್ಸ್/ಡಿ*

ಆರ್ ಸಣ್ಣಕ್ಷರ. ಆಶ್ಚರ್ಯ ಚಿಹ್ನೆ ಮರೆತೀರಿ ಜೋಕೆ, ಅದಿದ್ದರೆ ಬೂಟ್ ಆಗುವಾಗ ಮಾತ್ರ ಅಳಿಸುತ್ತದೆ. ಇಲ್ಲದಿದ್ದರೆ ಹಗಲು ಯಾರಾದರೂ ಟಿಎಂಪಿಫೈಲ್ಸನ್ನು --ರಿಮೂವ್ ಕೊಟ್ಟು ಓಡಿಸಿದಾಗ ಸಾಲಿನಲ್ಲಿ ನಿಂತ ಪ್ರಿಂಟೂ ಹೋಗುತ್ತದೆ. ಮುಂದೆ ಕಪ್ಸ್‌ನ ಲಾಗಿನಲ್ಲಿ ಫೈಲುಗಳು ಕಾಣೆಯಾಗಿವೆ ಎಂಬ ಸಾಲು ಬಂದರೆ ಹೆದರಬೇಡಿ, ಬರಲೇಬೇಕು.

ಇದರ ಜೊತೆ /ಈಟಿಸಿ/ಕಪ್ಸ್/ಕಪ್ಸ್‌ಡಿ.ಕಾನ್ಫ್‌ನಲ್ಲಿ ಪ್ರಿಸರ್ವ್‌ಜಾಬ್‌ಫೈಲ್ಸ್ ನೋ ಎಂದು ಹಾಕಿ. ಮುಗಿದ ಕೆಲಸದ ದಾಖಲೆಯನ್ನೂ ಕಪ್ಸ್ 86400 ಸೆಕೆಂಡು, ಅಂದರೆ ಒಂದು ದಿನ, ಇಟ್ಟುಕೊಳ್ಳುವುದು ರೂಢಿ. ಶಾಲೆಯ ದಾಖಲೆಗೆ ಅದು ಬೇಡ. ಬದಲಾಯಿಸಿದ ಮೇಲೆ ಕಪ್ಸ್‌ಡಿ -ಟಿ ಹೊಡೆದು ಫೈಲ್ ಸರಿ ಉಂಟೋ ನೋಡಿ, ಆಮೇಲೆ ರಿಸ್ಟಾರ್ಟ್.

ತಾಳಿಪಡ್ಪು ಟರ್ಮಿನಲ್

ಸಿಸ್ಟಮ್‌ಡಿ ಇಲ್ಲದವರಿಗೂ ಎರಡು ಮಾತು. ಹಳೆಯ ಯಂತ್ರಗಳಲ್ಲಿ ಆ್ಯಂಟಿಎಕ್ಸ್ ಹಾಕಿದವರು ಇಲ್ಲಿ ಇದ್ದಾರೆ. ಸಿಸ್‌ವಿ ಇನಿಟ್‌ನಲ್ಲಿ ಅಪ್‌ಡೇಟ್-ಆರ್‌ಸಿ.ಡಿ ಕಪ್ಸ್ ಡಿಸೇಬಲ್. ಆಲ್ಪೈನ್, ಜೆಂಟೂಗಳ ಓಪನ್‌ಆರ್‌ಸಿಯಲ್ಲಿ ಆರ್‌ಸಿ-ಅಪ್‌ಡೇಟ್ ಆ್ಯಡ್ ಕಪ್ಸ್‌ಡಿ ಡಿಫಾಲ್ಟ್, ತೆಗೆಯುವುದಕ್ಕೆ ಡೆಲ್. ಇಲ್ಲಿ ಸಾಕೆಟ್, ಪಾತ್ ತಾಪತ್ರಯ ಇಲ್ಲ, ಆರಾಮ.

ಫ್ರೀಬಿಎಸ್‌ಡಿಯಲ್ಲಿ ಸಿಸ್‌ಆರ್‌ಸಿ ಕಪ್ಸ್‌ಡಿ_ಎನೇಬಲ್=ಯೆಸ್, ಈ ಯೆಸ್ ದೊಡ್ಡಕ್ಷರದಲ್ಲಿ. ಅಲ್ಲಿನ ಹಳೆಯ ಎಲ್‌ಪಿಡಿ ಓಡುತ್ತಿದ್ದರೆ ನಿಲ್ಲಿಸಿ. ಎಲ್‌ಪಿಆರ್ ಕೂಡ ಎರಡು ಇರುತ್ತವೆ, /ಯುಎಸ್‌ಆರ್/ಬಿನ್‌ನಲ್ಲಿ ಹಳತು, /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಕಪ್ಸ್‌ನದ್ದು. ಪ್ರಿಂಟ್ ಎಲ್ಲಿಗೋ ಹೋಗಿ ಮಾಯವಾದರೆ ವಿಚ್ ಎಲ್‌ಪಿಆರ್ ಎಂದು ಕೇಳಿ ನೋಡಿ. ಯುಎಸ್‌ಬಿ ಪ್ರಿಂಟರಿಗೆ ಕಪ್ಸ್ ಗುಂಪಿನ ಅನುಮತಿ /ಈಟಿಸಿ/ಡೆವ್‌ಎಫ್‌ಎಸ್.ರೂಲ್ಸ್‌ನಲ್ಲಿ ಕೊಡಬೇಕು, ಮೋಡ್ 0660. ಆ ನಿಯಮಗಳ ಗುಂಪಿನ ಹೆಸರನ್ನು ಆರ್‌ಸಿ.ಕಾನ್ಫ್‌ನಲ್ಲಿ ಡೆವ್‌ಎಫ್‌ಎಸ್_ಸಿಸ್ಟಮ್_ರೂಲ್‌ಸೆಟ್ ಎಂದು ಸೇರಿಸದಿದ್ದರೆ ಬರೆದದ್ದು ನೀರಿನಲ್ಲಿ ಹೋಮ.

ಉಪ್ಪಳ ಉಬುಂಟು

ಲ್ಯಾಬಿನಿಂದ ಆಫೀಸಿನ ಪ್ರಿಂಟರಿಗೆ ಕೊಡಬೇಕಾದರೆ? ಮಾಸ್ಕ್ ಮಾಡಿದ್ದು ತೆಗೆಯಬೇಕಾಗ್ತದಾ?

ಪೆರ್ಲದ ಪೆಂಗ್ವಿನ್

ಬೇಡ. ಲ್ಯಾಬಿನ ಯಂತ್ರದಲ್ಲಿ /ಈಟಿಸಿ/ಕಪ್ಸ್/ಕ್ಲಯಂಟ್.ಕಾನ್ಫ್ ಮಾಡಿ, ಅದರಲ್ಲಿ ಒಂದೇ ಸಾಲು: ಸರ್ವರ್‌ನೇಮ್ 192.168.1.10. ಅಲ್ಲಿ ನಿಮ್ಮ ಆಫೀಸು ಯಂತ್ರದ ವಿಳಾಸ ಹಾಕಿ. ಆಗ ಪ್ರೋಗ್ರಾಮುಗಳು ನೇರ ಆ ಸರ್ವರನ್ನು ಕೇಳುತ್ತವೆ, ಲ್ಯಾಬಿನಲ್ಲಿ ಡೀಮನ್ ಬೇಡ. ಬಾಧಕ ಒಂದು: ಆಫೀಸು ಯಂತ್ರ ಆಫ್ ಇದ್ದರೆ ಪ್ರಿಂಟ್ ಕಿಟಕಿ ತೆರೆಯುವಾಗ ಉತ್ತರಕ್ಕೆ ಕಾದು ಕಾದು ನಿಲ್ಲುತ್ತದೆ, ಮಕ್ಕಳು ಹ್ಯಾಂಗ್ ಆಯಿತು ಎನ್ನುತ್ತಾರೆ.

ಆಫೀಸಿನಲ್ಲಿ ಕಪ್ಸ್‌ಸಿಟಿಎಲ್ --ಶೇರ್-ಪ್ರಿಂಟರ್ಸ್ ಹೊಡೆಯಿರಿ. ಕಾನ್ಫ್ ಫೈಲನ್ನು ಕೈಯಾರೆ ತಿದ್ದುವುದಾದರೆ ಲಿಸನ್ ಸಾಲಿಗೆ 192.168.1.10:631 ಎಂದು ಹಾಕಬೇಡಿ. ಬೂಟ್ ಆಗುವಾಗ ರೂಟರಿನಿಂದ ವಿಳಾಸ ಬರುವ ಮೊದಲೇ ಕಪ್ಸ್ ಎದ್ದರೆ ಆ ವಿಳಾಸ ಯಂತ್ರದಲ್ಲಿ ಇರುವುದೇ ಇಲ್ಲ. ಕಪ್ಸ್ ಆ ಬಾಗಿಲು ತೆರೆಯಲಾಗದೆ ಮುಂದೆ ಹೋಗುತ್ತದೆ, ಲ್ಯಾಬಿನವರಿಗೆ ದಿನವಿಡೀ ಬೀಗ. ಕೈಯಿಂದ ರಿಸ್ಟಾರ್ಟ್ ಮಾಡಿದರೆ ಸರಿಯಾಗುವುದರಿಂದ ಯಾರಿಗೂ ಕಾರಣ ಹೊಳೆಯುವುದಿಲ್ಲ. ಪೋರ್ಟ್ 631 ಎಂದು ಬರೆದರೆ ಈ ಪಂಚಾತಿಗೆ ಇಲ್ಲ. ಯಾರಿಗೆ ಬಿಡಬೇಕು ಎಂಬುದನ್ನು ಲೊಕೇಶನ್ ಭಾಗದ ಅಲೌ @ಲೋಕಲ್ ನೋಡಿಕೊಳ್ಳಲಿ. ರೂಟರಿನಲ್ಲಿ ಆಫೀಸು ಯಂತ್ರಕ್ಕೆ ವಿಳಾಸ ಕಾಯ್ದಿರಿಸಿ.

ಐಡಲ್‌ಎಕ್ಸಿಟ್‌ಟೈಮೌಟ್ 60 ಎಂಬ ಸಾಲು ನೋಡಿ ಕೆಲವರು ಹೆದರುತ್ತಾರೆ, ನಿಮಿಷಕ್ಕೆ ಡೀಮನ್ ಮಲಗುತ್ತದೆ ಎಂದು. ಹಂಚಿಕೆಯ ಪ್ರಿಂಟರ್ ಇದ್ದರೆ, ಅಥವಾ ವೆಬ್‌ಇಂಟರ್‌ಫೇಸ್ ಯೆಸ್ ಇದ್ದರೆ, ಅದು ಮಲಗುವುದಿಲ್ಲ.

ಬದಿಯಡ್ಕ ಲ್ಯಾಬ್

ಎಲ್ಲ ಸರಿ. ಒಂದೇ ಉಳಿದದ್ದು: ಪ್ರಿಂಟ್ ನಡುವೆ ಕರೆಂಟು ಹೋದರೆ ಎಚ್‌ಪಿ ಕ್ಯೂ "ನಿಲ್ಲಿಸಲಾಗಿದೆ" ಎಂದು ಆಗಿ, ರಿಸ್ಟಾರ್ಟ್ ಮಾಡಿದರೂ ಹಾಗೆಯೇ ಇರುತ್ತದೆ.

ಕುಂಬಳೆ ಸೀಮೆ

ಕಪ್ಸ್‌ನ ಮೂಲ ಎರರ್‌ಪಾಲಿಸಿ ಸ್ಟಾಪ್-ಪ್ರಿಂಟರ್. ಬ್ಯಾಕೆಂಡ್ (ಪ್ರಿಂಟರಿಗೆ ಡೇಟಾ ಕಳಿಸುವ ತುಂಡು) ಸೋತರೆ ಕ್ಯೂವನ್ನೇ ನಿಲ್ಲಿಸುತ್ತದೆ, ಆ ಸ್ಥಿತಿಯನ್ನು ಪ್ರಿಂಟರ್ಸ್.ಕಾನ್ಫ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ರೀಬೂಟಿಗೆ ಬಗ್ಗುವುದಿಲ್ಲ. ಈಗಿನದ್ದಕ್ಕೆ ಕಪ್ಸ್‌ಎನೇಬಲ್ ಮುಂದೆ ಕ್ಯೂವಿನ ಹೆಸರು. ಮುಂದಿನದ್ದಕ್ಕೆ:

ಎಲ್‌ಪಿಅಡ್ಮಿನ್ -ಪಿ ಎಚ್‌ಪಿ1020 -ಓ ಪ್ರಿಂಟರ್-ಎರರ್-ಪಾಲಿಸಿ=ಅಬಾರ್ಟ್-ಜಾಬ್

ಎಚ್‌ಪಿ1020 ಇದ್ದಲ್ಲಿ ಎಲ್‌ಪಿಸ್ಟ್ಯಾಟ್ -ಪಿ ತೋರಿಸುವ ಹೆಸರು. ರಿಟ್ರೈ-ಜಾಬ್ ಕೂಡ ಉಂಟು, ಆದರೆ ನಿಮಗೆ ಹಳತು ತಾನಾಗಿ ಬರಬಾರದು ಎಂದಲ್ವಾ, ಹಾಗಾಗಿ ಅಬಾರ್ಟ್. ಹೋದ ಪ್ರಿಂಟನ್ನು ಬೇಕಾದವರು ಮತ್ತೆ ಕೊಡಲಿ. ಪ್ರಿಂಟರ್ಸ್.ಕಾನ್ಫನ್ನು ಕಪ್ಸ್ ಓಡುತ್ತಿರುವಾಗ ಎಡಿಟರಿನಲ್ಲಿ ತಿದ್ದಬೇಡಿ, ನಿಲ್ಲುವಾಗ ಅದು ತನ್ನದನ್ನೇ ಮತ್ತೆ ಬರೆಯುತ್ತದೆ.

ಎಲ್ಲ ಮಾಡಿದ ಮೇಲೆ ಪರೀಕ್ಷೆ ಹೀಗೆ: ಹತ್ತು ಪುಟ ಪ್ರಿಂಟ್ ಕೊಟ್ಟು, ಮೂರನೇ ಪುಟ ಪೂರ್ತಿ ಹೊರಬಂದ ಮೇಲೆ ಗೋಡೆಯ ಸ್ವಿಚ್ ಆಫ್. ಫ್ಯೂಸರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಮುಚ್ಚಳ ತೆರೆದು ನಿಧಾನ ಎಳೆದು ತೆಗೆಯಿರಿ. ಆನ್ ಮಾಡಿ, ಮೋಟಾರಿನ ಎರಡನೇ ಸದ್ದಿಗೆ ಕಾಯಿರಿ. ಎಲ್‌ಪಿಸ್ಟ್ಯಾಟ್ -ಟಿ ಹೊಡೆದಾಗ ಕ್ಯೂ ಐಡಲ್ ಎಂದು ಬಂದು ಬಾಕಿ ಪಟ್ಟಿ ಖಾಲಿ ಇದ್ದರೆ ಆಯಿತು. ಇಲ್ಲದಿದ್ದರೆ ಜರ್ನಲ್‌ಸಿಟಿಎಲ್ -ಬಿ -ಯು ಕಪ್ಸ್, ಮತ್ತು /ವಾರ್/ಲಾಗ್/ಕಪ್ಸ್/ಎರರ್_ಲಾಗ್‌ನ ಕೊನೆಯ ಇಪ್ಪತ್ತು ಸಾಲು ಇಲ್ಲಿ ಹಾಕಿ.